ಮೊದಲ ಐದು ಕಂತುಗಳು

ದಾವಣಗೆರೆಯ ಮಂಡಿಪೇಟೆಯಲ್ಲಿ ದಲಾಲಿ ಅಂಗಡಿಯೊಂದರ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ ನನಗೆ ಚಕ್ರಬಡ್ಡಿಯ ಬಲ ತಿಳಿದದ್ದು ಸಾಲಗಾರರ ಖಾತೆಗಳಿಂದ. ಜಗಳೂರು ಕಡೆಯ ಮೆಕ್ಕೆಜೋಳದ ರೈತರು ಬಿತ್ತನೆಗೆಂದು ಮುಂಗಡ ಒಯ್ಯುತ್ತಿದ್ದರು. ಬಡ್ಡಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ, ಅಂದರೆ ವರ್ಷಕ್ಕೆ ಶೇ. 24. ಮಳೆ ಕೈಕೊಟ್ಟು ಬಡ್ಡಿಯನ್ನೂ ಕಟ್ಟಲಾಗದವರ ಖಾತೆಯಲ್ಲಿ, ದೀಪಾವಳಿಗೆ ಹೊಸ ಕಿರ್ದಿ (ಲೆಕ್ಕದ ಪುಸ್ತಕ) ತೆರೆಯುವಾಗ, ಆ ಬಡ್ಡಿಯನ್ನು ಅಸಲಿಗೆ ಸೇರಿಸಿ ಮುಂದಕ್ಕೆ ಒಯ್ಯುವುದು ವಾಡಿಕೆಯಾಗಿತ್ತು. ಹೀಗೆ ಒಯ್ದ 10,000 ರೂಪಾಯಿ ಮೂರೇ ವರ್ಷಕ್ಕೆ 19,066 ಆಗುತ್ತದೆ. ಆ ಅಂಕಿಗಳನ್ನು ಬರೆಯುವಾಗ ಮನಸ್ಸಿಗೆ ಸಂಕಟವಾಗುತ್ತಿತ್ತು. ಸಾಲ ಮಾಡಿದವನನ್ನು ಇಷ್ಟು ಖಂಡಿತವಾಗಿ ಮುಳುಗಿಸುವ ಲೆಕ್ಕ ಉಳಿಸಿದವನನ್ನು ಅಷ್ಟೇ ಖಂಡಿತವಾಗಿ ಎತ್ತಲೂ ಬೇಕಲ್ಲವೇ ಎಂಬ ಯೋಚನೆಯೂ ಆಗಲೇ ಬಂದಿತು.

2003ರ ಏಪ್ರಿಲ್‌ನಲ್ಲಿ ಅಂಚೆ ಕಚೇರಿಯಲ್ಲಿ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ ಎಂಬ ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆ) ಖಾತೆ ತೆರೆದೆ. ಅದು ಯಾರೂ ಅದನ್ನು ಹೊಗಳದ ಕಾಲ. 2000ದ ಜನವರಿಯವರೆಗೆ ಶೇ. 12 ಇದ್ದ ಬಡ್ಡಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು 2003ರ ಮಾರ್ಚ್‌ನಲ್ಲಿ ಶೇ. 8ಕ್ಕೆ ಬಂದಿತ್ತು. ಹದಿನೈದು ವರ್ಷ ಹಣ ಕಟ್ಟಿಹಾಕುವುದಕ್ಕಿಂತ ಚೀಟಿ ಹಾಕು, ಇಲ್ಲವೇ ಕೈಬಡ್ಡಿಗೆ ಕೊಡು ಎಂದು ಹೇಳಿದವರೇ ಹೆಚ್ಚು. ಆದರೆ ಕೈಬಡ್ಡಿಗೆ ಕೊಟ್ಟ ಹಣದ ಬಡ್ಡಿ ತಿಂಗಳು ತಿಂಗಳು ಕೈಗೆ ಬಂದು ಖರ್ಚಾಗಿಬಿಡುತ್ತದೆ, ಅಸಲು ಇದ್ದಲ್ಲೇ ಇರುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ ಎಂಬುದನ್ನು ಕಿರ್ದಿ ಬರೆಯುವವನು ಪ್ರತಿದಿನ ನೋಡುತ್ತಾನೆ. ಬಡ್ಡಿ ನನ್ನ ಕೈಗೆ ಸಿಗದೆ ತಾನಾಗಿ ಅಸಲಿಗೆ ಸೇರಬೇಕು ಎಂಬುದೊಂದೇ ನನ್ನ ಷರತ್ತಾಗಿತ್ತು.

ವರ್ಷಕ್ಕೆ 12,000 ರೂಪಾಯಿ ಎಂದು ನಿಗದಿ ಮಾಡಿಕೊಂಡೆ. ದೀಪಾವಳಿಯ ಇನಾಮನ್ನು ಮುಟ್ಟದೆ ಇಟ್ಟು, ಉಳಿದದ್ದನ್ನು ಸಂಬಳದಲ್ಲಿ ಕೂಡಿಸಿ, ಏಪ್ರಿಲ್ 5ರೊಳಗೆ ಒಂದೇ ಗಂಟಿನಲ್ಲಿ ಕಟ್ಟುತ್ತಿದ್ದೆ. ಈ ತಾರೀಖಿಗೆ ಕಾರಣವಿದೆ. ಪಿಪಿಎಫ್‌ನಲ್ಲಿ ಪ್ರತಿ ತಿಂಗಳ ಬಡ್ಡಿಯನ್ನು 5ನೇ ತಾರೀಖಿನಿಂದ ತಿಂಗಳ ಕೊನೆಯವರೆಗಿನ ಅತಿ ಕಡಿಮೆ ಶಿಲ್ಕಿನ (ಖಾತೆಯಲ್ಲಿ ಉಳಿದ ಹಣದ) ಮೇಲೆ ಲೆಕ್ಕ ಹಾಕುತ್ತಾರೆ. ತೆರಿಗೆ ಉಳಿಸಲೆಂದು ಮಾರ್ಚ್ ಕೊನೆಯಲ್ಲಿ ಓಡಿಬಂದು ಕಟ್ಟುವವರು ಪ್ರತಿ ಕಂತಿನ ಮೇಲೂ ಇಡೀ ವರ್ಷದ ಬಡ್ಡಿಯನ್ನು ಬಿಟ್ಟುಕೊಡುತ್ತಾರೆ.

ಮೊದಲ ವರ್ಷ ಬಂದ ಬಡ್ಡಿ 960 ರೂಪಾಯಿ. ಐದನೇ ವರ್ಷದ ಕೊನೆಗೂ ಶಿಲ್ಕು 76,000 ಮುಟ್ಟಿತ್ತಷ್ಟೆ, ಅದರಲ್ಲಿ 60,000 ನಾನೇ ಕಟ್ಟಿದ್ದು. ಬಹುತೇಕರು ಕೈಬಿಡುವುದು ಈ ಹಂತದಲ್ಲಿ, ಮತ್ತು ಅವರನ್ನು ದೂರುವಂತಿಲ್ಲ, ಏಕೆಂದರೆ ಪಾಸ್‌ಬುಕ್ಕಿನಲ್ಲಿ ಆಶೆ ಹುಟ್ಟಿಸುವಂಥದ್ದು ಏನೂ ಕಾಣುವುದಿಲ್ಲ. ಬದಲಾವಣೆ ಕಂಡದ್ದು ಒಂಬತ್ತನೇ ವರ್ಷ, 2011–12ರಲ್ಲಿ: ಆ ವರ್ಷದ ಬಡ್ಡಿ ಸುಮಾರು 12,290 ರೂಪಾಯಿ ಬಂದು, ನಾನು ಕಟ್ಟಿದ ಕಂತನ್ನು ಮೊದಲ ಬಾರಿಗೆ ಮೀರಿತು. ಅಂದಿನಿಂದ ಖಾತೆಗೆ ನನಗಿಂತ ಹೆಚ್ಚು ಹಣ ಹಾಕುತ್ತಿರುವುದು ಬಡ್ಡಿಯೇ. 72ನ್ನು ಬಡ್ಡಿಯ ದರದಿಂದ ಭಾಗಿಸಿದರೆ ಅಸಲು ಇಮ್ಮಡಿಯಾಗುವ ವರ್ಷಗಳು ಸಿಗುತ್ತವೆ ಎಂಬ ಹಳೆಯ ಲೆಕ್ಕವೂ ಶೇ. 8ಕ್ಕೆ ಒಂಬತ್ತೇ ವರ್ಷ ಹೇಳುತ್ತದೆ. ಖಾತೆ ತೆರೆದ ಹಣಕಾಸು ವರ್ಷವನ್ನು ಅವಧಿಗೆ ಹಿಡಿಯದ ಕಾರಣ 2019ರ ಮಾರ್ಚ್‌ವರೆಗೆ ಹದಿನಾರು ಕಂತು ಕಟ್ಟಿದ್ದೆ. ಒಟ್ಟು 1,92,000ಕ್ಕೆ ಶಿಲ್ಕು ನಾಲ್ಕು ಲಕ್ಷ ದಾಟಿತ್ತು. ತೆಗೆಯದೆ ಇನ್ನೂ ಐದು ವರ್ಷ ಮುಂದುವರಿಸಿದೆ. 2020ರ ಏಪ್ರಿಲ್‌ನಿಂದ ದರ ಶೇ. 7.1ಕ್ಕೆ ಇಳಿದರೂ 2024ರ ಮಾರ್ಚ್‌ಗೆ 6,43,000 ಮೀರಿತು, ಆ ಒಂದು ವರ್ಷದ ಬಡ್ಡಿಯೇ 42,000ಕ್ಕೂ ಹೆಚ್ಚು.

ಈ ಮೊತ್ತವನ್ನು ಒಮ್ಮೆ ಕಂತುವಾರು ಬಿಡಿಸಿ ನೋಡಿದೆ. ಮೊದಲ ಐದು ಕಂತುಗಳ 60,000 ರೂಪಾಯಿ, ಅಂದರೆ ಕಟ್ಟಿದ್ದರಲ್ಲಿ ಕಾಲು ಭಾಗಕ್ಕಿಂತ ಕಡಿಮೆ, ತಾನೊಂದೇ 2,58,000 ಆಗಿತ್ತು. ಒಟ್ಟು ಶಿಲ್ಕಿನ ನೂರಕ್ಕೆ ನಲವತ್ತು ಪಾಲು ಅದು. ಪಾಸ್‌ಬುಕ್ಕಿನಲ್ಲಿ ಏನೂ ಕಾಣದೆ ಬೇಸರ ತರಿಸಿದ್ದ ವರ್ಷಗಳೇ ಅತಿ ಹೆಚ್ಚು ದುಡಿದಿದ್ದವು. ಅಂಗಡಿಗೆ ಹೊಸದಾಗಿ ಸೇರುವ ಹುಡುಗರು ‘ಸಂಬಳ ಹೆಚ್ಚಾಗಲಿ, ಆಮೇಲೆ ಉಳಿಸೋಣ’ ಎಂದಾಗ ನಾನು ಈ ಒಂದು ಲೆಕ್ಕವನ್ನೇ ಬರೆದು ತೋರಿಸುತ್ತೇನೆ.

ಬೆಲೆ ಏರಿಕೆಯ ಮಾತನ್ನು ಬಿಟ್ಟರೆ ಈ ಲೆಕ್ಕ ಅಪೂರ್ಣವಾಗುತ್ತದೆ. 2009ರಿಂದ 2013ರವರೆಗೆ ದಿನಸಿಯ ಬೆಲೆ ಏರಿದ ರೀತಿಗೆ ಶೇ. 8ರ ಬಡ್ಡಿ ಸಾಲುತ್ತಿರಲಿಲ್ಲ. ಅದಕ್ಕಾಗಿ, 2013ರ ಜನವರಿಯಲ್ಲಿ ಮ್ಯೂಚುವಲ್ ಫಂಡ್‌ಗಳಲ್ಲಿ ಏಜೆಂಟರ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್‌ಗಳು ಬಂದ ಮೇಲೆ, ನಿಫ್ಟಿ ಎಂಬ ಷೇರು ಸೂಚ್ಯಂಕದಲ್ಲಿರುವ ಕಂಪನಿಗಳ ಷೇರುಗಳನ್ನೇ ಕೊಳ್ಳುವ ಸೂಚ್ಯಂಕ ನಿಧಿಯೊಂದರಲ್ಲಿ ಎಸ್‌ಐಪಿ, ಅಂದರೆ ತಿಂಗಳ ಕಂತು, ಆರಂಭಿಸಿದೆ. ಕಮಿಷನ್ನಿನ ಒಂದು ಶೇಕಡಾ ಸಣ್ಣದಲ್ಲ: ಒಂದು ಲಕ್ಷ ರೂಪಾಯಿ ಇಪ್ಪತ್ತು ವರ್ಷ ಶೇ. 12ರಲ್ಲಿ ಬೆಳೆದರೆ 9.65 ಲಕ್ಷ, ಶೇ. 11ರಲ್ಲಿ ಬೆಳೆದರೆ 8.06 ಲಕ್ಷ. ಷೇರಿನಲ್ಲಿ ಇಂಥದೇ ದರ ಸಿಗುತ್ತದೆಂಬ ಭರವಸೆ ಯಾರೂ ಕೊಡಲಾರರು. 2020ರ ಜನವರಿಯಲ್ಲಿ 41,000ದ ಮೇಲಿದ್ದ ಸೆನ್ಸೆಕ್ಸ್ ಮಾರ್ಚ್ 23ರಂದು 26,000ಕ್ಕಿಂತ ಕೆಳಗೆ ಇಳಿದಾಗಲೂ ನಾನು ಕಂತು ನಿಲ್ಲಿಸಲಿಲ್ಲ. ಹತ್ತು ವರ್ಷ ಬೇಕಾಗದ ಹಣವನ್ನು ಮಾತ್ರ ಅಲ್ಲಿ ಇಟ್ಟಿದ್ದರಿಂದ ಅದು ಸಾಧ್ಯವಾಯಿತು.

ಕೈಸಾಲ ಇರುವವರು ಮೊದಲು ಅದನ್ನು ತೀರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಎರಡು ರೂಪಾಯಿ ಬಡ್ಡಿಯ ಸಾಲವನ್ನು ಹೊತ್ತುಕೊಂಡು ಶೇ. 7.1ಕ್ಕೆ ಹಣ ಕೂಡಿಡುವುದರಲ್ಲಿ ಅರ್ಥವಿಲ್ಲ, ಆ ಸಾಲ ತೀರಿಸಿದ ಪ್ರತಿ ರೂಪಾಯಿಯೂ ಶೇ. 24 ಗಳಿಸಿದಂತೆ. ಈಗಾಗಲೇ ಪಿಪಿಎಫ್ ಅವಧಿ ಮುಗಿದಿರುವವರು ಗಮನಿಸಬೇಕಾದದ್ದು ಇನ್ನೊಂದು: ಕಂತು ಕಟ್ಟುತ್ತ ಮುಂದುವರಿಯಬೇಕಿದ್ದರೆ ಅವಧಿ ಮುಗಿದ ಒಂದು ವರ್ಷದೊಳಗೆ ಅರ್ಜಿ ಕೊಡಲೇಬೇಕು. ಕೊಡದಿದ್ದರೂ ಹಳೆಯ ಶಿಲ್ಕಿಗೆ ಬಡ್ಡಿ ಬರುತ್ತಲೇ ಇರುತ್ತದೆ, ಆದರೆ ಹೊಸದಾಗಿ ಕಟ್ಟಿದ ಹಣಕ್ಕೆ ಬಡ್ಡಿ ಸಿಗುವುದಿಲ್ಲ. ನಾನು 2024ರಲ್ಲಿ ಎರಡನೇ ಬಾರಿ ಆ ಅರ್ಜಿ ಕೊಟ್ಟು, ಅದೇ 12,000 ರೂಪಾಯಿಯ ಕಂತನ್ನು ಮುಂದುವರಿಸಿದ್ದೇನೆ.