ಡಿಗ್ರಿ, ಅನುಭವ ಇಲ್ಲದೆ ವಿದೇಶದಲ್ಲಿ ಸ್ವಯಂಸೇವೆ: ಕೋಲಾರದವರಿಗೆ

ಟೊಮೆಟೊಗೆ ಕಡ್ಡಿ ನೆಟ್ಟು ದಾರ ಕಟ್ಟಲು, ಕಟ್ಟಿಕೊಂಡ ಡ್ರಿಪ್ ಪೈಪು ಬಿಡಿಸಲು, ಹಾಲು ಕರೆಯಲು ಬರುತ್ತದೆಯೇ? ಸ್ವಯಂಸೇವಕರನ್ನು ತೋಟಗಳಿಗೆ ಜೋಡಿಸುವ ವೂಫ್ (WWOOF) ಎಂಬ ಅಂತರರಾಷ್ಟ್ರೀಯ ಜಾಲದ ಸಾವಯವ ತೋಟಗಳಿಗೆ ಅಷ್ಟು ಧಾರಾಳ. ದಿನಕ್ಕೆ 4ರಿಂದ 6 ಗಂಟೆ ದುಡಿದರೆ ಊಟ, ವಸತಿ; ವಿಮಾನದ ಖರ್ಚು ನಿಮ್ಮದೇ. ಅರ್ಜಿಯಲ್ಲಿ ಈ ಕೆಲಸಗಳನ್ನೇ ಬಿಡಿಸಿ ಬರೆಯಿರಿ, ಸೇವಾ ಮನೋಭಾವದ ಭಾಷಣ ಬೇಡ.

ಎಡವಟ್ಟಾಗುವುದು ವೀಸಾದಲ್ಲಿ. ಸಂಬಳ ಇಲ್ಲದಿದ್ದರೂ ಊಟ-ವಸತಿಗೆ ದುಡಿಯುವುದನ್ನು ಹಲವು ದೇಶಗಳು ಕೆಲಸವೆಂದೇ ಎಣಿಸುತ್ತವೆ. ಪ್ರವಾಸಿ ವೀಸಾದಲ್ಲಿ ಹೋದವರನ್ನು ವಿಮಾನ ನಿಲ್ದಾಣದಿಂದಲೇ ವಾಪಸ್ ಕಳಿಸಬಹುದು. ಬ್ರಿಟನ್ನಿನ ಸಂದರ್ಶಕ ವೀಸಾದಲ್ಲಿ ನೋಂದಾಯಿತ ಚಾರಿಟಿಯಲ್ಲಿ (ದತ್ತಿ ಸಂಸ್ಥೆಯಲ್ಲಿ) ಸ್ವಯಂಸೇವೆಗೆ ಮಾತ್ರ ಅವಕಾಶ, ಅದೂ ಒಟ್ಟು 30 ದಿನ. ಮೊದಲ ಸಲ ಹೋಗಿಬರಲು ನೇಪಾಳ ಸಲೀಸು: ವೀಸಾ ಬೇಡ, ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ ಸಾಕು. ಬರೀ ಆಧಾರ್ ನಡೆಯದು.

ದುಡ್ಡು ಕೊಟ್ಟು ಅನಾಥಾಲಯದಲ್ಲಿ ಸ್ವಯಂಸೇವೆ ಮಾಡುವ ಪ್ಯಾಕೇಜುಗಳ ತಂಟೆಗೆ ಹೋಗಬೇಡಿ. ವಿದೇಶಿಯರ ದುಡ್ಡಿಗಾಗಿಯೇ ಅಪ್ಪ-ಅಮ್ಮ ಇರುವ ಮಕ್ಕಳನ್ನೂ ತಂದಿಟ್ಟುಕೊಳ್ಳುವುದುಂಟು.