ಪಿಯುಸಿ ಆಯಿತು: ಐಚ್ಛಿಕ ಕನ್ನಡದ ಬಿ.ಎ.ಗೆ ಸೇರುವುದೋ, ಚಿಕ್ಕ ಕೋರ್ಸಿಗೋ?

ಕೋರ್ಸುಗಳ ಪಟ್ಟಿ ಮುಂದಿಟ್ಟುಕೊಂಡು ಕೂತರೆ ಈ ಪ್ರಶ್ನೆ ಬಗೆಹರಿಯುವುದಿಲ್ಲ. ಮೊದಲು ಮೂರು ಹುದ್ದೆಗಳನ್ನು ಬರೆದುಕೊಳ್ಳಿ. ಆ ಹುದ್ದೆಗಳಿಗೆ ಹಿಂದಿನ ಸಲ ಹೊರಬಿದ್ದ ನೇಮಕಾತಿ ಅಧಿಸೂಚನೆ ಹುಡುಕಿ, ‘ವಿದ್ಯಾರ್ಹತೆ’ ಎಂಬ ಭಾಗವನ್ನು ಮಾತ್ರ ಎರಡು ಸಲ ಓದಿ. ಏನು ಓದಬೇಕೆಂಬುದು ಅಲ್ಲಿಂದಲೇ ಗೊತ್ತಾಗುತ್ತದೆ.

ಕನ್ನಡ ಮೇಷ್ಟ್ರಾಗಬೇಕೆಂಬುದೇ ಗುರಿಯಾದರೆ ಯಾವ ತರಗತಿಗೆ ಎಂಬುದನ್ನು ಮೊದಲು ತೀರ್ಮಾನಿಸಿ, ಏಕೆಂದರೆ ದಾರಿ ಅಲ್ಲೇ ಕವಲೊಡೆಯುತ್ತದೆ. ಹೈಸ್ಕೂಲಿಗೆ ಮೂರು ವರ್ಷದ ಬಿ.ಎ., ಎರಡು ವರ್ಷದ ಬಿ.ಇಡಿ., ಒಟ್ಟು ಐದು ವರ್ಷ. ಪಿಯು ಉಪನ್ಯಾಸಕರ ಹುದ್ದೆಗೆ ಎರಡು ವರ್ಷದ ಎಂ.ಎ. ಕೂಡ ಸೇರಿ ಏಳು ವರ್ಷ, ಎಂ.ಎ.ಯಲ್ಲಿ ಸಾಮಾನ್ಯವಾಗಿ ಶೇ. 55 ಅಂಕ ಕೇಳುತ್ತಾರೆ. ಪದವಿ ಕಾಲೇಜಿಗಾದರೆ ಎಂ.ಎ. ಮೇಲೆ ಎನ್‌ಇಟಿ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ. ಇದಿಷ್ಟೂ ಓದಿನ ಲೆಕ್ಕ. ನೇಮಕಾತಿಗೆ ಕಾಯುವ ವರ್ಷಗಳು ಬೇರೆ.

ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಕಲಿಸುವ ಆಸೆ ಇದ್ದವರು ಈ ಉದ್ದದ ದಾರಿ ಹಿಡಿಯುವುದು ದೊಡ್ಡ ತಪ್ಪು. ಪ್ರಾಥಮಿಕ ಹಂತಕ್ಕೆ ಬಿ.ಇಡಿ. ಅರ್ಹತೆಯಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೇಳಿದೆ. ಆ ಹುದ್ದೆಗೆ ಬೇಕಿರುವುದು ಪಿಯುಸಿ ಆದ ಮೇಲೆ ಎರಡು ವರ್ಷದ ಡಿ.ಎಲ್.ಇಡಿ. (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ), ಜೊತೆಗೆ ಟಿಇಟಿಯ (ಶಿಕ್ಷಕರ ಅರ್ಹತಾ ಪರೀಕ್ಷೆ) ಮೊದಲ ಪತ್ರಿಕೆ. ಸಾಮಾನ್ಯ ವರ್ಗದವರಿಗೆ ಅದರಲ್ಲಿ ಶೇ. 60 ಬರಬೇಕು.

ಇನ್ನು ಬಿ.ಎ. ಅರ್ಜಿ ತುಂಬುವಾಗಲೇ ಆಗುವ ಎಡವಟ್ಟು. ಎಲ್ಲ ಪದವಿಗಳಲ್ಲೂ ‘ಭಾಷಾ ವಿಷಯ’ವಾಗಿ ಕನ್ನಡ ಇರುತ್ತದೆ, ಅದು ಐಚ್ಛಿಕ ಕನ್ನಡವಲ್ಲ. ಐಚ್ಛಿಕವೆಂದರೆ ಇತಿಹಾಸ, ಅರ್ಥಶಾಸ್ತ್ರದ ಹಾಗೆ ಮುಖ್ಯ ವಿಷಯವಾಗಿ ಆರಿಸಿಕೊಂಡು ಓದುವ ಕನ್ನಡ. ಇತಿಹಾಸ-ಅರ್ಥಶಾಸ್ತ್ರ ತೆಗೆದುಕೊಂಡು, ಭಾಷಾ ಪತ್ರಿಕೆಯಲ್ಲಿ ತೊಂಬತ್ತು ಅಂಕ ಬಂದಿದೆ ಎಂದು ಕನ್ನಡ ಎಂ.ಎ.ಗೋ ಕನ್ನಡ ಬೋಧನಾ ವಿಷಯದ ಬಿ.ಇಡಿ.ಗೋ ಹೋದರೆ ಬಾಗಿಲಲ್ಲೇ ತಡೆಯಬಹುದು. ನೀವು ಸೇರುವ ಕಾಲೇಜಿನಲ್ಲಿ ಐಚ್ಛಿಕ ಕನ್ನಡ ಯಾವ ವಿಷಯದೊಂದಿಗೆ ಜೋಡಿಯಾಗಿದೆ, ಆರೂ ಸೆಮಿಸ್ಟರ್ ನಡೆಯುತ್ತದೆಯೇ ಎಂದು ವಿಭಾಗದವರನ್ನೇ ಕೇಳಿ. ವಿದ್ಯಾರ್ಥಿಗಳು ಕಡಿಮೆಯಾದರೆ ಆ ಜೋಡಿಯನ್ನೇ ನಿಲ್ಲಿಸುವ ಕಾಲೇಜುಗಳಿವೆ. ಆದ್ದರಿಂದ ಈಗ ಅಂತಿಮ ವರ್ಷದಲ್ಲಿ ಎಷ್ಟು ಜನ ಇದ್ದಾರೆಂದೂ ವಿಚಾರಿಸಿ.

ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಕೆಎಎಸ್ (ರಾಜ್ಯ ಆಡಳಿತ ಸೇವೆ) ಗುರಿಯವರಿಗೆ ಯಾವ ಪದವಿಯಾದರೂ ಆದೀತು. ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಹುದ್ದೆಗೆ ಪಿಯುಸಿ ಸಾಕು.

ಚಿಕ್ಕ ಕೋರ್ಸುಗಳಲ್ಲಿ, ಭಾಷೆ ಬಲ್ಲವರಿಗೆ ಹೇಳಿ ಮಾಡಿಸಿದಂತಿದ್ದೂ ಹೆಚ್ಚು ಜನ ಕಡೆಗಣಿಸುವುದು ಬೆರಳಚ್ಚು ಮತ್ತು ಶೀಘ್ರಲಿಪಿ (ಶಾರ್ಟ್‌ಹ್ಯಾಂಡ್). ಜಿಲ್ಲಾ ನ್ಯಾಯಾಲಯಗಳ ಬೆರಳಚ್ಚುಗಾರರ ಹುದ್ದೆಗೆ ಪಿಯುಸಿ ಜೊತೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ದರ್ಜೆಯ ಬೆರಳಚ್ಚು ಪರೀಕ್ಷೆ ಪಾಸಾಗಿರಬೇಕೆಂದು ಕೇಳುತ್ತಾರೆ. ಸ್ಟೆನೋಗ್ರಾಫರ್ ಹುದ್ದೆಗೆ ಎರಡೂ ಭಾಷೆಗಳ ಶೀಘ್ರಲಿಪಿಯೂ ಬೇಕು. ಕನ್ನಡ ಮಾತ್ರ ಕಲಿತು ಇಂಗ್ಲಿಷ್ ಬಿಟ್ಟವರು ಇಲ್ಲಿ ಅರ್ಜಿಯನ್ನೇ ಹಾಕಲಾಗುವುದಿಲ್ಲ. ದಿನಕ್ಕೆ ಒಂದು ಗಂಟೆ, ಒಂದು ದಿನವೂ ತಪ್ಪದಂತೆ. ವಾರವಿಡೀ ಬಿಟ್ಟು ಭಾನುವಾರ ಏಳು ಗಂಟೆ ಕೂತರೆ ಬೆರಳಿಗೆ ವೇಗ ಹತ್ತುವುದಿಲ್ಲ.

ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ವಿನ್ಯಾಸ) ಕಲಿಯುವವರು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಕೀಲಿಮಣೆ ವಿನ್ಯಾಸದ ಜೊತೆಗೆ, ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸುವುದನ್ನೂ ಕಲಿಯಲಿ. ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುವುದುಂಟು. ಅದನ್ನು ಕಣ್ಣಲ್ಲೇ ಹಿಡಿಯುವವರಿಗೆ ಮುದ್ರಣಾಲಯದಲ್ಲಿ ಬೆಲೆ. ಐಚ್ಛಿಕ ಕನ್ನಡ ಓದಿದವರು ಗೆಲ್ಲುವುದೂ ಇಂಥ ಕಡೆಯೇ.

ಐಟಿಐಯಲ್ಲಿ ಕಂಪ್ಯೂಟರ್ ಆಪರೇಟರ್ ಟ್ರೇಡ್ (ಕೋಪಾ) ಒಂದು ವರ್ಷ. ಎಲೆಕ್ಟ್ರಿಷಿಯನ್, ಫಿಟ್ಟರ್ ಎರಡು ವರ್ಷ. ಎಸ್‌ಎಸ್‌ಎಲ್‌ಸಿ ಅಂಕದ ಮೇಲೆಯೇ ಸೀಟು ಸಿಗುವುದರಿಂದ ನಿಮ್ಮ ಪಿಯುಸಿ ಅಂಕ ಇಲ್ಲಿ ಉಪಯೋಗಕ್ಕೆ ಬಾರದು. ಎರಡು ವರ್ಷದ ಟ್ರೇಡ್ ಮುಗಿಸಿದವರು ಪಾಲಿಟೆಕ್ನಿಕ್ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಒಂದು ವರ್ಷದ ಕೋಪಾವನ್ನೂ ಎರಡು ವರ್ಷದ ಟ್ರೇಡನ್ನೂ ತೂಗುವಾಗ ಇದನ್ನು ಮರೆಯಬೇಡಿ.

ಖಾಸಗಿ ಕಂಪ್ಯೂಟರ್ ಕೇಂದ್ರದ ಬೋರ್ಡಿನಲ್ಲಿ ‘ಸರ್ಕಾರಿ ಮಾನ್ಯತೆ’ ಎಂದಿದ್ದರೆ ಯಾವ ಸಂಸ್ಥೆಯ ಮಾನ್ಯತೆ, ಪ್ರಮಾಣಪತ್ರದ ಮೇಲೆ ಯಾರ ಹೆಸರು ಬರುತ್ತದೆ ಎಂದು ಕೇಳಿ. ಹಳೆಯ ವಿದ್ಯಾರ್ಥಿಯ ಪ್ರಮಾಣಪತ್ರದ ಒಂದು ಜೆರಾಕ್ಸ್ ತೋರಿಸಲು ಹಿಂಜರಿದರೆ ಎದ್ದು ಬನ್ನಿ. ಮೂಲ ಅಂಕಪಟ್ಟಿಯನ್ನು ಅಲ್ಲಿ ಬಿಟ್ಟು ಬರಬೇಡಿ; ಮಧ್ಯದಲ್ಲಿ ಕೋರ್ಸ್ ಬಿಡುವವರಿಂದ ಉಳಿದ ಶುಲ್ಕ ವಸೂಲು ಮಾಡಲು ಅದನ್ನೇ ಒತ್ತೆ ಇಟ್ಟುಕೊಳ್ಳುತ್ತಾರೆ.

ದುಡ್ಡಿನ ಲೆಕ್ಕ ಹಾಕುವಾಗ ಶುಲ್ಕ, ಹಾಸ್ಟೆಲ್, ಬಸ್ ಪಾಸ್ ಮಾತ್ರ ಬರೆದು ನಿಲ್ಲಿಸಬೇಡಿ. ಈಗಲೇ ತಿಂಗಳಿಗೆ ₹12,000 ದುಡಿಯುವ ಅವಕಾಶ ಕೈಯಲ್ಲಿದ್ದರೆ, ಮೂರು ವರ್ಷದ ಬಿ.ಎ.ಗೆ ಬಿಟ್ಟುಕೊಡುವ ಸಂಬಳವೇ ₹4,32,000. ಮನೆ ಆ ಹಣವನ್ನು ನೆಚ್ಚಿಕೊಂಡಿದೆಯೇ ಎಂದು ಅಪ್ಪ-ಅಮ್ಮನ ಜೊತೆ ಕೂತು ಮಾತಾಡಿ.

ನೆಚ್ಚಿಕೊಂಡಿದ್ದರೂ ಪದವಿಯ ಆಸೆ ಬಿಡಬೇಕಿಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ದುಡಿಯುತ್ತಲೇ ಬಿ.ಎ. ಮಾಡಬಹುದು. ಕಾಲೇಜಿಗೆ ಹೋಗುವವರಾದರೆ ಮೊದಲ ವರ್ಷದಿಂದಲೇ ಸಂಜೆ ಬೆರಳಚ್ಚಿಗೆ ಸೇರಿ. ಮೂರನೇ ವರ್ಷಕ್ಕೆ ಮುಂದೂಡಿದರೆ ಅಂತಿಮ ಪರೀಕ್ಷೆ, ಬಿ.ಇಡಿ. ಅರ್ಜಿಗಳ ನಡುವೆ ಅದು ಹಾಗೇ ಉಳಿದುಹೋಗುತ್ತದೆ.