ಹಳೇ ಎಂಟಿ103ನ್ನು ಪ್ಯಾಕ್ಸ್.008ಕ್ಕೆ ಬದಲಿಸುವುದು: ವಿಳಾಸ ಕೆಡದ ಹಾಗೆ

ವಿದೇಶಿ ಪಾವತಿಗೆ ಬ್ಯಾಂಕುಗಳು ಸಂದೇಶ ಕಳಿಸುವ ಜಾಲವಾದ ಸ್ವಿಫ್ಟ್‌ನಲ್ಲಿ ಹಳೇ ಎಂಟಿ ಮತ್ತು ಹೊಸ ಐಎಸ್‌ಒ 20022 ಎಂಬ ಸಂದೇಶ ಮಾದರಿಗಳು ಒಟ್ಟಿಗೆ ನಡೆಯುತ್ತಿದ್ದ ಕಾಲ 2025ರ ನವೆಂಬರ್ 22ಕ್ಕೆ ಮುಗಿಯಿತು. ಗ್ರಾಹಕರ ಹಣ ಕಳಿಸುವ ಸಂದೇಶ ಹಳೆಯದರಲ್ಲಿ ಎಂಟಿ103, ಹೊಸದರಲ್ಲಿ ಪ್ಯಾಕ್ಸ್.008. ಆದರೆ ಒಳಗಿನ ಸಾಫ್ಟ್‌ವೇರ್ ಎಷ್ಟೋ ಕಡೆ ಇನ್ನೂ ಹಳೆಯದೇ. ಹಾಗಾಗಿ ಬದಲಿಸುವ ಕೆಲಸ ಇನ್ನೂ ಇದ್ದೇ ಇದೆ. ಎಡವುವವರೆಲ್ಲ ಹೆಚ್ಚಾಗಿ ವಿಳಾಸದಲ್ಲೇ ಎಡವುತ್ತಾರೆ.

ಸುಲಭದ್ದು ಮೊದಲು ಮುಗಿಸಿ. ರೆಫರೆನ್ಸ್ ಹಾಗೇ ಹೋಗುತ್ತದೆ. 251124 ಎಂಬ ತಾರೀಕು 2025-11-24 ಆಗುತ್ತದೆ. ಭಾರತದ ಖಾತೆಗೆ ಐಬ್ಯಾನ್ (ಅಂತರರಾಷ್ಟ್ರೀಯ ಖಾತೆ ಸಂಖ್ಯೆ) ಇಲ್ಲ, ಇಲ್ಲಿನ ಖಾತೆ ಸಂಖ್ಯೆಯನ್ನು 'ಅದರ್' ಟ್ಯಾಗಿಗೆ ಹಾಕಿ; ಮುಂದಿರುವ ಓರೆಗೆರೆ (/) ತೆಗೆಯಿರಿ.

ಮೊತ್ತದಲ್ಲಿ ಹುಷಾರು. ಎಂಟಿಯಲ್ಲಿ ಅಲ್ಪವಿರಾಮವೇ ದಶಮಾಂಶ ಬಿಂದು. ಕುವೈತಿನಿಂದ ಬಂದ 1250,500 ಅಂದರೆ ಸಾವಿರದ ಇನ್ನೂರೈವತ್ತೂವರೆ ದಿನಾರ್, ಹನ್ನೆರಡೂವರೆ ಲಕ್ಷ ಅಲ್ಲ. ಆ ದಿನಾರಿಗೆ ಮೂರು ದಶಮಾಂಶ ಸ್ಥಾನ. ಸುಮ್ನೆ ಎರಡಕ್ಕೆ ಕತ್ತರಿಸಬೇಡಿ.

ಈಗ ವಿಳಾಸ. ಎಂಟಿ103ರಲ್ಲಿ ಹಣ ಪಡೆಯುವವರ ವಿವರವಿರುವ 59ನೇ ಫೀಲ್ಡಿನಲ್ಲಿ 35 ಅಕ್ಷರದ ನಾಲ್ಕು ಸಾಲು, ಹೆಸರೂ ಅದರಲ್ಲೇ. ಹೊಸದರಲ್ಲಿ ಊರಿಗೊಂದು, ದೇಶಕ್ಕೊಂದು ಟ್ಯಾಗ್. 2026ರ ನವೆಂಬರ್ ಗಡುವಿನ ನಂತರ ಇವೆರಡು ಬೇಕೇ ಬೇಕು. 'ಕೊನೆಯ ಸಾಲೇ ಊರು' ಅಂತ ಕೋಡ್ ಬರೆಯುವವರಿದ್ದಾರೆ. ನಮ್ಮೂರ ವಿಳಾಸ ನೋಡಿ: ಮೂರನೇ ಸಾಲು 'ಮಲ್ಲಿಕಟ್ಟೆ ಮಾರ್ಕೆಟ್ ಹತ್ತಿರ, ಕದ್ರಿ, ಮಂಗ'. ನಾಲ್ಕನೆಯದು 'ಳೂರು 575002, ಡಿ.ಕೆ.', ಅಂದರೆ ದಕ್ಷಿಣ ಕನ್ನಡ. ಕೊನೆಯ ಎರಡಕ್ಷರವನ್ನು ದೇಶದ ಕೋಡ್ ಅಂದುಕೊಂಡರೆ ಹಣ ಪಡೆಯುವವರು ಡೆನ್ಮಾರ್ಕಿನವರಾಗಿಬಿಡುತ್ತಾರೆ, ಯಾಕಂದ್ರೆ ಡಿಕೆ ಅದರ ಕೋಡ್!

ಹೀಗೆ ಮಾಡಿ. ಸಾಲು ಪೂರ್ತಿ 35 ಅಕ್ಷರ ತುಂಬಿದ್ದರೆ ಪದ ತುಂಡಾಗಿರಬಹುದು, ಜಾಗ ಬಿಡದೆಯೂ ಜೋಡಿಸಿ ನೋಡಿ. ಆಮೇಲೆ ಆರಂಕಿಯ ಪಿನ್ ಹುಡುಕಿ, ಅಂಚೆ ಪಟ್ಟಿಯಿಂದ ಊರು ತೆಗೆಯಿರಿ: 576101 ಉಡುಪಿ, 576104 ಮಣಿಪಾಲ. ಊರಿನ ಸ್ಪೆಲ್ಲಿಂಗ್ ನಂಬಬೇಡಿ. ಮಂಗಳೂರಿನ ಇಂಗ್ಲಿಷ್ ಹೆಸರು ಬದಲಾಗಿದ್ದು 2014ರಲ್ಲಿ, ಮ್ಯಾಂಗಲೋರ್ ಈಗಲೂ ಬರುತ್ತದೆ. ಸಿಂಗಪುರದ ಪಿನ್ ಕೂಡ ಆರಂಕಿಯೇ ಅಲ್ವಾ? ಅದಕ್ಕೇ ಬ್ಯಾಂಕಿನ ಬಿಐಸಿಯಲ್ಲಿ (ಗುರುತಿನ ಕೋಡ್) ದೇಶ ಹೇಳುವ ಐದು-ಆರನೇ ಅಕ್ಷರದ ಜೊತೆ ತಾಳೆ ನೋಡಿ. ಉಳಿದದ್ದು 70 ಅಕ್ಷರದ ಎರಡು ಸಾಲಿನಲ್ಲಿ ಹೋಗಲಿ. ಗೊತ್ತಾಗದಿದ್ದರೆ ಊಹಿಸಬೇಡಿ, ಮನುಷ್ಯರ ಕೈಗೆ ಕಳಿಸಿ.

ಪುಕ್ಕಟೆ ಆನ್‌ಲೈನ್ ಕನ್ವರ್ಟರ್‌ಗೆ ಗ್ರಾಹಕರ ಸಂದೇಶ ಅಂಟಿಸುವ ಅಭ್ಯಾಸವಿದ್ದರೆ ಇವತ್ತೇ ಬಿಡಿ.

ಕೊನೆಗೆ ಎಕ್ಸ್‌ಎಸ್‌ಡಿ ಪರೀಕ್ಷೆ, ಅಂದರೆ ಸಂದೇಶದ ಚೌಕಟ್ಟು ಸರಿಯಿದೆಯೇ ಎಂದು ನೋಡುವುದು. ಊರಿನ ಟ್ಯಾಗಿನಲ್ಲಿ 'ಳೂರು' ಅಂತಿದ್ದರೂ ಅದು ಪಾಸಾಗುತ್ತದೆ. ಆದ್ದರಿಂದ ಹಳೇ ಸಂದೇಶಗಳಿಂದ ಕರಾವಳಿಯ ವಿಳಾಸಗಳನ್ನು ಹೆಕ್ಕಿ, ಅವುಗಳ ಮೇಲೆ ಓಡಿಸಿ, ಬಂದದ್ದನ್ನು ಕಣ್ಣಾರೆ ಓದಿ.